ಒಂದಾಳಿನ ಬಾಕಿ

ದುದ್ದದ ಶಿವಗಂಗಮ್ಮನಿಗೂ ಪಕ್ಕದ ಹೊಲದ ಜವರಮ್ಮನಿಗೂ ಮದುವೆಯಾಗಿ ಬಂದ ವರ್ಷದಿಂದ ಮುಯ್ಯಾಳು. ಇವಳ ರಾಗಿ ಕೊಯ್ಲಿಗೆ ಅವಳು, ಅವಳದಕ್ಕೆ ಇವಳು, ಕೂಲಿಯ ಮಾತಿಲ್ಲ. ಆದರೆ ಲೆಕ್ಕವನ್ನು ಇಬ್ಬರೂ ಬೇಕೆಂದೇ ಪೂರ್ತಿ ಮುಗಿಸುತ್ತಿರಲಿಲ್ಲ. ಯಾರಾದರೊಬ್ಬರ ಕಡೆ ಒಂದಾಳಿನ ಕೆಲಸ ಉಳಿಯಲೇಬೇಕು. "ಬಾಕಿ ಇದ್ರೆ ತಾನೇ ಮುಂದ್ಲೊರ್ಸ ನನ್ ಮೂತಿ ನೋಡಕ್ಕೆ ಬರೋದು ನೀನು?" ಎಂದು ನಗುತ್ತಿದ್ದವಳು ಜವರಮ್ಮನೇ.

ಈ ವರ್ಷ ಜವರಮ್ಮನ ರಸ್ತೆ ಬದಿಯ ಜಮೀನನ್ನೆಲ್ಲ ಲೇಔಟಿನವರು ಕೊಂಡರು. ಸುದ್ದಿ ಕೇಳಿ ಶಿವಗಂಗಮ್ಮ ಹಿಗ್ಗಿ ಹೀರೇಕಾಯಿಯಾಗಿ ಮನೆಮನೆಗೆ ಹೇಳಿಬಂದಳು. ಗೆಳತಿಯ ಮನೆಗೆ ಮಹಡಿ ಬಂತು, ಕಾರು ಬಂತು, ಎತ್ತರದ ಗೇಟು ಬಂತು. ಹಿತ್ತಲ ಬಾಗಿಲಿಂದ ನುಗ್ಗಿ ಒಲೆ ಮುಂದೆ ಕೂರುತ್ತಿದ್ದವಳು ಈಗ ಬೆಲ್ ಒತ್ತಿ ಕಾಯಬೇಕು. ಕಾದಳು. ಹಾಳಾದ ದುಡ್ಡು, ಹೊಸದರಲ್ಲಿ ಯಾರನ್ನಾದರೂ ಕುಣಿಸುತ್ತದೆ ಬಿಡು ಎಂದುಕೊಂಡಳು.

ಮಳೆಗೆ ರಾಗಿ ನೆಲಕ್ಕೆ ಮಲಗಿತ್ತು. ಮಲಗಿದ ಪೈರಿಗೆ ಮಿಷಿನ್ ಆಗದು, ಕುಡುಗೋಲೇ ಗತಿ. ಬಾಕಿ ಇದ್ದದ್ದು ಜವರಮ್ಮನ ಕಡೆ.

"ನಾಳೀಕೆ ಕುಯ್ಲು ಕಣೆ ಜವ್ರಿ. ಬತ್ತೀಯ ತಾನೆ?" ಗೇಟಿನ ಹೊರಗಿಂದಲೇ ಕೇಳಿದಳು.

"ಅದೇನ್ ಇಂಗ್ ಕೇಳ್ತೀಯ? ಬಾಕಿ ಮರ್ತೀನಾ?"

ಅಷ್ಟಕ್ಕೇ ಶಿವಗಂಗಮ್ಮನ ಹೊಟ್ಟೆ ತಣ್ಣಗಾಯಿತು. ಬೆಳಿಗ್ಗೆ ಬೇಗ ಎದ್ದು, ಅವಳಿಗೆ ಇಷ್ಟವೆಂದು ಹುರುಳಿಕಾಳಿನ ಬಸ್ಸಾರು ಮಾಡಿ, ಮುದ್ದೆ ಕಟ್ಟಿ ಹೊಲಕ್ಕೆ ಹೊತ್ತಳು.

ಬದುವಿನ ಹತ್ತಿರ ಆಟೋ ನಿಂತಿತು. ಗುರುತಿಲ್ಲದ ಹೆಂಗಸೊಬ್ಬಳು ಕುಡುಗೋಲು ಹಿಡಿದು ಇಳಿದಳು.

"ಜವರಮ್ಮೋರು ಕಳ್ಸವ್ರೆ ಕಣಕ್ಕ. ಕೂಲಿ ಅವ್ರೇ ಕೊಟ್ಟವ್ರೆ. ಇವತ್ಗೆ ಬಾಕಿ ತೀರೋಯ್ತು, ಇನ್ಮೇಲೆ ಆ ಲೆಕ್ಕ ಬ್ಯಾಡ ಅಂತ ಏಳು ಅಂದ್ರು."

ಶಿವಗಂಗಮ್ಮನ ಕಣ್ಣಲ್ಲಿ ನೀರು ಬಂತು, ಹಿಂದೆಯೇ ಸಿಟ್ಟೂ ಬಂತು. ಈ ಹೆಂಗಸಿನದೇನು ತಪ್ಪು? ಕೂರಿಸಿ, ಜವರಮ್ಮನಿಗೆಂದು ತಂದ ಮುದ್ದೆ ಬಡಿಸಿದಳು.

"ಉಂಡು ಓಗವ್ವ. ರಾಗಿ ಮುಟ್ಬ್ಯಾಡ. ಬಾಕಿ ಅಂಗೇ ಇರ್ಲಿ."

ದಿನವಿಡೀ ಒಬ್ಬಳೇ ಕೊಯ್ದಳು. ಸುದ್ದಿ ಮುಟ್ಟಿದರೆ ಜವರಮ್ಮ ಓಡಿ ಬರುತ್ತಾಳೆ, ಎಂದಿನಂತೆ ಬೈಯುತ್ತಾಳೆ ಎಂದು ರಸ್ತೆ ಕಡೆ ನೋಡುತ್ತಲೇ ಇದ್ದಳು. ಸಂಜೆ ಬಂದದ್ದು ಫೋನು.

"ಆಳ್ನ ವಾಪಸ್ ಕಳ್ಸಿದ್ಯಂತೆ? ಒಬ್ಳು ಸಾಲ್ದು ಅನ್ನಂಗಿದ್ರೆ ಏಳ್ಬಾರ್ದಾ? ನಾಳೀಕೆ ಇಬ್ರುನ್ನ ಕಳ್ಸ್ತೀನಿ ಬುಡು."

ಶಿವಗಂಗಮ್ಮ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬ್ಯಾಡಿ ಜವರಮ್ಮೋರೆ," ಎಂದಳು. "ಬಾಕಿ ತೀರೋಯ್ತು."