ಚೀಲದ ಮೇಲಿನ ಕೆಂಪು ಗುರುತು

ಟಕಟಕ ಟಕಟಕ, ಟೈಪಿಂಗ್ ಅಂಗಡಿಯ ಈ ಹುಡುಗಿಯ ಬೆರಳು ಬಾಯಿಗಿಂತ ಜೋರು, ಕಂಪ್ಯೂಟರ್ ಪರದೆಯ ಮೇಲೆ ಮಾಯಣ್ಣನ ಹೆಸರು, ವಯಸ್ಸು ನಲವತ್ತಾರು, ಅಲ್ಲಿಗೆ ಸರಿ, ಅದರ ಕೆಳಗೆ ಗುಣಮಟ್ಟ ನಿಯಂತ್ರಣ, ತೇವಾಂಶ ಪರೀಕ್ಷೆ, ತಂಡ ನಿರ್ವಹಣೆ, ಇವನ್ಯಾರಪ್ಪ ತನ್ನ ಹೆಸರಿನ ಕೆಳಗೆ ಬಂದು ಕೂತ ಪರದೇಸಿ? ಅಲ್ಲಮ್ಮ ಶಶಿರೇಖಾ, ಉಂಡೆ ಕೊಬ್ಬರಿ ಒಂದಕ್ಕೊಂದು ತಾಕಿಸಿ ಒಳಗೆ ಒಣಗಿದ್ಯೋ ಕೆಟ್ಟಿದ್ಯೋ ಸದ್ದಲ್ಲೇ ಹೇಳ್ತೀನಿ ಅಂದೆನಲ್ಲ, ಅದೆಲ್ಲಿ? ಅದು ಬ್ಯಾಡ ಕಣಣ್ಣ, ಜಾಹೀರಾತಲ್ಲಿರೋ ಪದಾನೇ ಬಯೋಡಾಟಾದಲ್ಲೂ ಇರ್ಬೇಕು, ಕೊಬ್ಬರಿ ಪುಡಿ ಫ್ಯಾಕ್ಟ್ರಿಯೋರು ಮೊದ್ಲು ಪದ ಹುಡುಕ್ತಾರೆ, ಸಿಗದಿದ್ರೆ ನಿಮ್ಮ ಹಾಳೆ ಪಕ್ಕಕ್ಕೆ. ಹುಡುಕುತ್ತಾರಂತೆ ಪದ, ಕೊಬ್ಬರಿ ನೋಡಲು ಆಳು ಬೇಕೋ ಪದ ನೋಡಲೋ — ಮೇಜಿನ ಮೇಲಿನ ಜಾಹೀರಾತಿನಲ್ಲಿ ಆ ಪದಗಳಿಗೆ ಸುತ್ತು ಹಾಕಿದೆ, ತಾನು ಬರುವ ಮೊದಲೇ ಹಾಕಿದ ಸುತ್ತು, ಹಾಗಾದರೆ ಯಾರಿಗಾಗಿ? ಈಗಷ್ಟೇ ಮೆಟ್ಟಿಲಲ್ಲಿ ಎದುರಾದ ಕರಿಬಸವಯ್ಯ, ಬಾಳೆಗೊನೆ ವ್ಯಾಪಾರದವನು, ಹಾಳೆ ಮಡಚಿಟ್ಟ ಜೇಬು ತಟ್ಟಿಕೊಂಡು ನಕ್ಕಿದ್ದ, ಚೆಂದಾಗಿ ಬರ್ಕೊಡ್ತಾಳೆ ಹೋಗು ಮಾಯಣ್ಣ. ಆ ನಗು, ಹೊರಗೆ ಕಂದು ಹೊಳಪು, ಒಳಗೆ — ಬೇಡ, ಅದು ನೆನಪಾಗುವುದು ಬೇಡ. ಪ್ರಿಂಟರಿನ ಪಕ್ಕ ಮಸಿ ಕಲಸಿಹೋದ ಹಾಳೆಯೊಂದು, ಎಳೆದು ನೋಡಿದರೆ ಕರಿಬಸವಯ್ಯನ ಹೆಸರು, ಕೆಳಗೆ ಅದೇ ಗುಣಮಟ್ಟ, ಅದೇ ತೇವಾಂಶ, ಸಾಲು ಕೂಡ ಬದಲಾಗಿಲ್ಲ. ಲೇ, ಬಾಳೆಗೊನೆ ಹೊತ್ತೋನು ಯಾವ ಜನ್ಮದಲ್ಲಿ ತೇವಾಂಶ ನೋಡಿದ್ನೇ? ರೇಗ್ಬ್ಯಾಡಿ ಕಣಣ್ಣ, ನಾನು ಟೈಪ್ ಮಾಡೋಳು, ಬಂದೋರನ್ನೆಲ್ಲ ಒಡೆದು ನೋಡಕ್ಕಾಯ್ತದಾ?

ಒಡೆದು ನೋಡುವುದು, ಅದೇ ತಾನೆ ಶ್ರೀರಂಗಯ್ಯನವರ ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತು ವರ್ಷ ಮಾಡಿದ್ದು, ಚೀಲಕ್ಕೆ ಎರಡು ಉಂಡೆ ತೆಗೆ, ತಾಕಿಸು, ಸದ್ದು ಮಂಕಾದರೆ ಒಡೆ, ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ದಿನ — ಹಂದನಕೆರೆ ಕಡೆಯ ಚೀಲಗಳು, ಮೇಲೆ ಆ ತೋಟದವರ ಕೆಂಪು ಬಣ್ಣದ ಗುರುತು, ಎಂದೂ ಕೆಟ್ಟ ಮಾಲು ಕಳಿಸದ ಗುರುತು, ಅದನ್ನೇನು ನೋಡೋದು, ಏರಿಸ್ರಲಾ ಲಾರಿಗೆ, ಹಾಗೆಂದದ್ದು ತಾನೇ, ಇನ್ಯಾರೂ ಅಲ್ಲ. ಕೊಂಡವರು ವಾಪಸು ಕಳಿಸಿದ ಹೋಳನ್ನು ಶ್ರೀರಂಗಯ್ಯ ತನ್ನ ಅಂಗೈಗೆ ಇಟ್ಟರು, ಹೊರಗೆ ಕಂದು ಹೊಳಪು, ಒಳಗೆ ಹಸಿರು ಬೂಷ್ಟು, ಆಮೇಲೆ ಒಂದೇ ಮಾತು, ನಾಳೆಯಿಂದ ಬರ್ಬ್ಯಾಡ ಮಾಯಣ್ಣ. ಅಂದಿನಿಂದ ಏಳು ತಿಂಗಳು, ಕರೆದವರಿಲ್ಲ.

ಸಹಿ ಹಾಕಿ ಅಣ್ಣ, ಇವತ್ತೇ ಕೊನೇ ದಿನ, ಐದಕ್ಕೆ ಫ್ಯಾಕ್ಟ್ರಿ ಗೇಟು ಹಾಕ್ತಾರೆ. ಹಾಳೆ ಇನ್ನೂ ಬೆಚ್ಚಗಿದೆ, ಕೊನೆಯ ಸಾಲಿನಲ್ಲಿ, ಮೇಲಿನದೆಲ್ಲವೂ ಸತ್ಯ ಎಂದಿದೆ, ಹಾಕದಿದ್ದರೆ ಆ ಕೆಲಸ ಬಾಳೆಗೊನೆಯವನಿಗೆ, ಹಾಕಿದರೆ ಅಲ್ಲೂ ಯಾವನೋ ಒಬ್ಬ ಮೇಲಿನ ಪದ ನೋಡಿ, ಇದನ್ನೇನು ನೋಡೋದು ಏರಿಸ್ರಲಾ ಎನ್ನುತ್ತಾನೆ, ಅನ್ನಲಿ, ತನಗೇನು, ಮಾ ಬರೆದ, ಯ ಬರೆದ, ಪೆನ್ನು ನಿಂತಿತು, ಬರಿಯೋ ಮಾರಾಯ, ಬೆಚ್ಚಗಿನ ಹಾಳೆಯ ಮೇಲೆ ಅಂಗೈ, ಅಂಗೈ ಮೇಲೆ ಆ ಹೋಳು, ಹೊರಗೆ ಕಂದು ಹೊಳಪು, ಒಳಗೆ ಹಸಿರು ಬೂಷ್ಟು, ಒಳಗೆ ಹಸಿರು —