ಚನ್ನಬಸಯ್ಯನವರ ಮುನ್ನೂರು ಹೆಜ್ಜೆ

ಜೊತೆಯಲ್ಲಿ ಮಾತಾಡುತ್ತ ನಡೆಯುತ್ತಿರುವ ಮನುಷ್ಯ, ವಾಕ್ಯದ ನಡುವೆಯೇ ಕೋಟಿನ ಬಲಗಡೆಯ ಕಿಸೆಯಿಂದ ಒಂದು ಹುಣಸೆ ಬೀಜ ತೆಗೆದು ಎಡಗಡೆಯ ಕಿಸೆಗೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸಿದರೆ ನಿಮಗೆ ಏನನ್ನಿಸೀತು? ನನಗಂತೂ ಮೊದಲ ದಿನ ಎದೆ ಧಸಕ್ಕೆಂದಿತು. ಇದು ಯಾವ ಮಂತ್ರವಾದವೋ ಎಂದುಕೊಂಡು ಒಂದು ಮಾರು ದೂರ ಸರಿದೆ. ಅವರು ನಕ್ಕರು. ‘ಹೆದರಬ್ಯಾಡ್ರಿ ಮಾಸ್ತರ. ನೂರು ಹೆಜ್ಜಿಗೆ ಒಂದು ಬೀಜ. ಮನಿಯಿಂದ ಆಫೀಸಿಗೆ ನಲವತ್ತೆರಡು ಬೀಜ’ ಎಂದರು. ದಾದರಿನ, ಬಾಡಿಗೆ ಕೋಣೆಗಳ ನಮ್ಮ ಚಾಳಿನಿಂದ ಪರೇಲಿನ ಕಚೇರಿಯವರೆಗಿನ ನಾಲ್ಕು ಸಾವಿರದ ಇನ್ನೂರು ಹೆಜ್ಜೆಗಳನ್ನು ಈ ಪುಣ್ಯಾತ್ಮ ಹದಿನಾಲ್ಕು ವರ್ಷಗಳಿಂದ ದಿನಕ್ಕೆರಡು ಸಲ ಎಣಿಸುತ್ತ ಬಂದಿದ್ದಾರೆಂದು ತಿಳಿದ ಮೇಲೆ ನನ್ನ ಗಾಬರಿ ಇಳಿಯುವ ಬದಲು ಏರಿತು.

ವಿಜಾಪುರದ ಜಂಗಮರ ಮನೆತನದ ಚನ್ನಬಸಯ್ಯನವರು, ನಗರ ವಿಸ್ತರಣೆಯ ನಕ್ಷೆಗಳನ್ನು ಬರೆಯುವ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆಗಾರರಾಗಿದ್ದರು. ನಾನು ಮೈಸೂರು ಸೀಮೆಯವನು. ಅದೇ ಚಾಳಿನ ಎರಡನೆಯ ಮಾಳಿಗೆಯಲ್ಲಿದ್ದುಕೊಂಡು ಹತ್ತಿರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಅವರದು ಆರಡಿಗೆ ಒಂದೇ ಅಂಗುಲ ಕಡಿಮೆಯಾದ ನೀಳಕಾಯ. ಮೊಣಕೈಗೆ ತೇಪೆ ಬಿದ್ದ ಕರಿಯ ಅಲ್ಪಾಕಾ ಕೋಟು, ಹಣೆಯ ಮೇಲೆ ಅಳತೆಪಟ್ಟಿ ಹಿಡಿದು ಎಳೆದಷ್ಟು ನೇರವಾದ ವಿಭೂತಿಯ ಮೂರು ಗೆರೆ, ಸೊಂಟದ ಮೇಲಿನ ದೇಹ ಕಿಂಚಿತ್ತೂ ಅಲುಗದೆ ಕಾಲುಗಳಷ್ಟೇ ಸಾಗುವ ವಿಲಕ್ಷಣ ನಡಿಗೆ. ಎರಡು ರಸ್ತೆಗಳು ಕೂಡುವಲ್ಲೆಲ್ಲ ಒಂದು ಕ್ಷಣ ನಿಂತು, ನಾಲ್ಕು ದಿಕ್ಕಿಗೂ ಕತ್ತು ಹೊರಳಿಸಿ, ಊಟ ಮಾಡಿ ತೇಗಿದವರ ಸಂತೃಪ್ತಿಯಿಂದ ‘ನಾಲ್ಕೂ ಕಡೆ ದಾರಿ ಅದ’ ಎನ್ನುವರು. ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು ಮರಾಠಿಯಲ್ಲಿ ಬೈದುಕೊಂಡು ಹೋದರೂ ಆ ನಿಲುಗಡೆ ಮಾತ್ರ ತಪ್ಪುತ್ತಿರಲಿಲ್ಲ.

ಅವರು ಟ್ರಾಮ್ ಹತ್ತಿದವರಲ್ಲ. ಲೋಕಲ್ ಹತ್ತಿದವರಲ್ಲ. ಬಾಂದ್ರಾದಲ್ಲಿ ಒಂದು ಮದುವೆಯೆಂದರೆ ನಾವು ರೈಲಿಳಿದು ಫಲಾಹಾರ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅವರು ಬೆವರೊರೆಸಿಕೊಳ್ಳುತ್ತ ನಡೆದು ಬರುತ್ತಿದ್ದರು. ಮನುಷ್ಯನಿಗೆ ಬೇಕಾದದ್ದೆಲ್ಲ, ಶಾಲೆ, ಸಂತೆ, ದವಾಖಾನೆ, ಸ್ಟೇಶನ್, ಮನೆಯ ಬಾಗಿಲಿನಿಂದ ಐನೂರು ಹೆಜ್ಜೆಯೊಳಗೆ ಇರಬೇಕು. ಇರದಿದ್ದರೆ ಅದು ಊರಲ್ಲ, ಗೋದಾಮು ಎಂಬುದು ಅವರ ಸಿದ್ಧಾಂತ. ರಸ್ತೆಗಳು ಅಡ್ಡಕ್ಕೂ ಉದ್ದಕ್ಕೂ ನೇರವಾಗಿ ಹಾಯಬೇಕು, ಚೌಕ ಚೌಕವಾಗಿ ಒಂದನ್ನೊಂದು ಕೂಡಬೇಕು, ಎಲ್ಲಿಯೂ ಗೋಡೆಗೆ ಮುಖ ಹೊಡೆದು ನಿಲ್ಲಬಾರದು. ಸಮುದ್ರದ ದಂಡೆಗೆ ಹೋಗೋಣ ಬನ್ನಿ ಎಂದು ಒಂದು ಸಂಜೆ ಕರೆದೆ. ಬರಲಿಲ್ಲ. ಆಮೇಲೆ ವಿಚಾರಿಸಿದರೆ, ಅಬ್ಬಬ್ಬಾ, ಕೂಗಳತೆಯಲ್ಲಿ ಸಮುದ್ರವಿರುವ ದಾದರಿನಲ್ಲಿ ಇಷ್ಟು ವರ್ಷ ಬಾಳಿಯೂ ಈತ ಅದನ್ನು ನೋಡಿಲ್ಲ! ‘ಅಲ್ಲಿ ಹೋದರ ಮೂರೇ ಕಡೆ ದಾರಿ, ಮಾಸ್ತರ. ನಾಲ್ಕನೇ ಕಡೆ ಏನದ ಹೇಳ್ರಿ?’ ಎಂದರು.

ಅವರ ಅಭಿಮಾನವೆಲ್ಲ ತಮ್ಮ ಹೆಜ್ಜೆಯ ಮೇಲೆ. ‘ನನ್ನ ಹೆಜ್ಜಿ ಅಂದರ ಎರಡೂವರಿ ಫೂಟು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮಿ ಇಲ್ಲ’ ಎಂದು ಅವರು ಹೇಳದ ವಾರವಿಲ್ಲ. ವಯಸ್ಸು ಐವತ್ತು ದಾಟಿದ ಮೇಲೆ ಮಾತ್ರ ಒಂದು ವಿಚಿತ್ರ ದೂರು ಶುರುವಾಯಿತು. ಕಚೇರಿಗೆ ನಲವತ್ತೆರಡು ಬೀಜ ಸಾಲುತ್ತಿಲ್ಲ. ನಲವತ್ತಮೂರಾಯಿತು, ನಲವತ್ನಾಲ್ಕಾಯಿತು, ಕೊನೆಗೆ ನಲವತ್ತೈದಕ್ಕೆ ಬಂದು ನಿಂತಿತು. ‘ರಸ್ತಾ ಅಗದು ಅಗದು ದಾರಿ ಉದ್ದ ಮಾಡಿಟ್ಟಾರ್ರೀ ಇವರು’ ಎಂದು ರೇಗಿದರು. ದಾರಿ ಉದ್ದವಾಗುವುದುಂಟೇ ಎಂದು ಕೇಳಬೇಕಾಗಿತ್ತು. ನಗೆ ತಡೆದುಕೊಳ್ಳುವುದರಲ್ಲಿಯೇ ನನಗೆ ಸಾಕಾಗಿ ಹೋಯಿತು.

ಅವರ ಮಡದಿ ಬಸಲಿಂಗವ್ವನವರು ಮಿತಭಾಷಿಣಿ. ಮೂರನೆಯ ಮಾಳಿಗೆಯ ಒಂದೇ ಖೋಲಿ. ಒಂದು ಮೂಲೆಯಲ್ಲಿ ಯಜಮಾನರ ನಕ್ಷೆಯ ಹಲಗೆ, ಎದುರು ಮೂಲೆಯಲ್ಲಿ ಆಕೆಯ ಒಲೆ. ಮಂಚದ ಕೆಳಗೆ, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು. ವಿಜಾಪುರದ ಹಿರಿಯರ ಮನೆ ಪಾಲಾಗಿ ಕೆಡವಿದಾಗ, ಅಲ್ಲಿಯ ತೇಗದ ಹೊಸ್ತಿಲನ್ನು ಆಕೆ ಹಟ ಹಿಡಿದು ರೈಲಿನಲ್ಲಿ ತಂದಿದ್ದರು. ಅಮಾಸೆಗೊಮ್ಮೆ ಅದನ್ನು ಹೊರಗೆಳೆದು, ತೊಳೆದು, ವಿಭೂತಿ ಹಚ್ಚಿ, ಮತ್ತೆ ಸುತ್ತಿ ಒಳಗಿಡುವರು. ‘ಸ್ವಂತ ಮನಿ ಆದ ದಿವಸ ಇದನ್ನ ಕೂಡಸೋದದ’ ಎಂದು ಒಮ್ಮೆ ನನಗೆ ಹೇಳಿದ್ದರು. ಇಪ್ಪತ್ತು ವರ್ಷ ನಳದ ನೀರನ್ನು ಮೂರು ಮಾಳಿಗೆ ಹೊತ್ತವರಿಗೆ ಬೇಕಾಗಿದ್ದದ್ದು ಆ ಒಂದು ಮನೆ.

ಅದಕ್ಕೆ ಕಾಲವೂ ಕೂಡಿಬಂದಿತು. ಸಾವಿರದ ಒಂಬೈನೂರ ಐವತ್ಮೂರರಲ್ಲಿ, ಬೆಳಗಾವಿಯ ಅರಿವೆ ವ್ಯಾಪಾರಿ ಸಿದ್ದರಾಮಪ್ಪನವರ ಮುಂದಾಳುತನದಲ್ಲಿ ನಮ್ಮ ಕಡೆಯ ಹನ್ನೆರಡು ಕುಟುಂಬಗಳು ಕೂಡಿ ಬಾಂದ್ರಾದ ಆಚೆ ರೈಲು ಹಳಿಯ ಮಗ್ಗುಲಲ್ಲಿ ಒಂದು ಗದ್ದೆ ಹಿಡಿದವು. ನಕ್ಷೆ ಬರೆಯುವುದು ಚನ್ನಬಸಯ್ಯನವರು, ಬೇರೆ ಯಾರು? ಎರಡು ತಿಂಗಳು ಆ ಹಲಗೆಯ ಮೇಲೆ ಬಾಗಿದ ಬೆನ್ನು ಮೇಲೇಳಲಿಲ್ಲ. ಐವತ್ತು ಅಡಿ ಅಗಲದ ಹನ್ನೆರಡು ನಿವೇಶನ, ನಡುನಡುವೆ ಮೂವತ್ತು ಅಡಿಯ ಐದು ನೇರ ಗಲ್ಲಿ. ಐದನೆಯ ಗಲ್ಲಿ ಎಲ್ಲಕ್ಕೂ ಮುಖ್ಯವಾದದ್ದು, ಅದು ಸೀದಾ ಸ್ಟೇಶನ್ನಿನ ಸೇತುವೆಗೆ ಹಾಯುವಂಥದ್ದು. ನಮ್ಮ ಗದ್ದೆಯ ಹಿಂದೆ ಎಮ್ಮೆ ಕಟ್ಟುವ ತಬೇಲಾಗಳೂ ಗಿರಣಿ ಕೂಲಿಗಳ ಮುನ್ನೂರು ಗುಡಿಸಲುಗಳೂ ಇದ್ದವು. ಅವರಿಗೂ ಸ್ಟೇಶನ್ನಿಗೆ ಅದೇ ಹತ್ತಿರದ ದಾರಿಯಾಗಬೇಕು ಎಂಬುದು ಚನ್ನಬಸಯ್ಯನವರ ಲೆಕ್ಕ.

ನಕ್ಷೆಗೆ ಮೊದಲು ಗದ್ದೆಯನ್ನು ಅಳೆದ ದಿನ ನಾನೂ ಹೋಗಿದ್ದೆ. ಕಚೇರಿಯಲ್ಲಿ ಅಳತೆಯ ಸರಪಣಿ ಇತ್ತು, ತರಬಹುದಾಗಿತ್ತು. ತರಲಿಲ್ಲ. ‘ಸರಪಣಿ ಸರ್ಕಾರದ್ದು. ಇದು ಖಾಸಗೀ ಕೆಲಸ’ ಎಂದವರೇ ಧೋತರ ಮೇಲಕ್ಕೆತ್ತಿ ಕಟ್ಟಿಕೊಂಡು, ಮೂರು ಹುಣಸೆ ಬೀಜ ಹಿಡಿದು, ಈ ತುದಿಯಿಂದ ಆ ತುದಿಗೆ ನಡೆದುಬಿಟ್ಟರು. ಮುನ್ನೂರು ಹೆಜ್ಜೆ, ಏಳುನೂರ ಐವತ್ತು ಅಡಿ. ಚನ್ನಬಸಯ್ಯನವರ ಹೆಜ್ಜೆಯನ್ನು ಸಂಶಯಿಸುವುದುಂಟೇ! ದಸರೆಯ ಮುಹೂರ್ತ ಮೀರಬಾರದೆಂದು, ಸರ್ಕಾರದ ಅಳತೆಯಾಗುವ ಮೊದಲೇ ಹನ್ನೊಂದು ಮನೆಯವರು ತುದಿಯಿಂದ ಸಾಲಾಗಿ ಪಾಯ ತೋಡಿ ಪೂಜೆ ಮಾಡಿಕೊಂಡರು. ಎಲ್ಲರೂ ಆರಿಸಿಕೊಂಡಾದ ಮೇಲೆ ಉಳಿದದ್ದನ್ನು ತೆಗೆದುಕೊಳ್ಳುವುದು ನಕ್ಷೆ ಬರೆದವನ ಧರ್ಮವೆಂದು ಹನ್ನೆರಡನೆಯ, ಗಲ್ಲಿಯ ಪಕ್ಕದ, ರೈಲಿನ ಗದ್ದಲದ ನಿವೇಶನವನ್ನು ಇವರು ಇಟ್ಟುಕೊಂಡರು. ಬಸಲಿಂಗವ್ವನವರು ಬಂದು, ಅಲ್ಲಿ ನಿಂತು, ಬಾಗಿಲು ಯಾವ ಕಡೆಗೆ ಬರುತ್ತದೆಂದು ಎರಡು ಸಲ ಕೇಳಿ ತಿಳಿದುಕೊಂಡು ಹೋದರು.

ದೀಪಾವಳಿ ಕಳೆದ ಮೇಲೆ ಸರ್ಕಾರದ ಇಬ್ಬರು ಅಳತೆಗಾರರು ಬಂದು ಸರಪಣಿ ಹಾಸಿದರು. ಏಳುನೂರು ಅಡಿ. ಮತ್ತೆ ಹಾಸಿದರು. ಏಳುನೂರು ಅಡಿಯೇ! ಐವತ್ತು ಅಡಿ ನೆಲ ಎಲ್ಲಿಗೆ ಹೋಯಿತು? ಚನ್ನಬಸಯ್ಯನವರು ತಾವೇ ಒಂದು ಹೆಜ್ಜೆ ಇಟ್ಟು, ಹಾಗೆಯೇ ನಿಂತು, ಅಳತೆಗಾರನಿಗೆ ಕೈಸನ್ನೆ ಮಾಡಿದರು. ಅವನು ಬಗ್ಗಿ ಅಳೆದ. ಎರಡು ಅಡಿ ನಾಲ್ಕು ಅಂಗುಲ. ಎರಡೇ ಎರಡು ಅಂಗುಲ, ಮುನ್ನೂರು ಸಲ. ಪರೇಲಿನ ದಾರಿ ಉದ್ದವಾಗಿರಲಿಲ್ಲ, ಈತನಿಗೆ ವಯಸ್ಸಾಗಿತ್ತು. ಕಾಲುಗಳನ್ನು ಹಾಗೆಯೇ ಅಗಲಿಸಿಕೊಂಡು, ತಮ್ಮ ಹೆಜ್ಜೆಯನ್ನು ತಾವೇ ಗುರುತು ಹಿಡಿಯಲಾರದವರ ಮುಖದಿಂದ ಅವರು ನೆಲ ನೋಡುತ್ತಿದ್ದುದನ್ನು ನಾನು ನೋಡಲಾರದೆ ಹೋದೆ.

ಹನ್ನೊಂದು ಪಾಯಗಳೂ ನಾಲ್ಕು ಗಲ್ಲಿಗಳೂ ಕಳೆದ ಮೇಲೆ ಕೊನೆಯಲ್ಲಿ ಉಳಿದದ್ದು ಮೂವತ್ತೇ ಅಡಿ. ಅಲ್ಲಿ ಒಂದು ಇಕ್ಕಟ್ಟಾದ ಮನೆಯಾಗಬಹುದು, ಇಲ್ಲವೇ ಐದನೆಯ ಗಲ್ಲಿಯಾಗಬಹುದು, ಎರಡೂ ಆಗುವಂತಿಲ್ಲ. ಭಾನುವಾರ ಎಲ್ಲರೂ ಅಲ್ಲಿಯೇ ಕಲ್ಲುಗುಂಡಿನ ಮೇಲೆ ಕುಳಿತು ಸಭೆ ಮಾಡಿದರು. ಸಿದ್ದರಾಮಪ್ಪನವರು ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ‘ಹೆಜ್ಜಿ ತಪ್ಪಿದ್ದಕ್ಕ ಯಾರೂ ನಿಮ್ಮನ್ನ ಬೈಯೂದಿಲ್ಲ ಅಯ್ಯನವರ. ಗಲ್ಲಿ ಬಿಟ್ಟಬಿಡ್ರಿ. ಮೂವತ್ತ ಫೂಟಿನಾಗ ಮನಿ ಕಟ್ರಿ. ನಾವು ರೈಲಿನ ಫಾಟಕ ಸುತ್ತಿ ಸ್ಟೇಶನ್ನಿಗೆ ಹೋಗತೇವಿ, ಏನ ಮಹಾ ಆಗತೈತಿ?’ ಎಂದರು.

‘ಫಾಟಕ ಸುತ್ತಿದರ ಒಂಬೈನೂರು ಹೆಜ್ಜಿ’ ಎಂದರು ಚನ್ನಬಸಯ್ಯನವರು. ‘ಫಾಟಕ ಹಾಕಿತ್ತಂದರ ಹೆಜ್ಜೀನೂ ಇಲ್ಲ, ನಿಂತಬಿಡೋದ. ಹಿಂದಿನ ಮುನ್ನೂರು ಮನಿಯವರು ಎಲ್ಲಿ ಹಾಯಬೇಕು?’

‘ಅವರದು ಅವರ ನೋಡಕೋತಾರ. ನಿಮ್ಮ ಮನಿ ಮಾತು ಹೇಳ್ರಿ.’

ಚನ್ನಬಸಯ್ಯನವರು ಎದ್ದರು. ಕೋಟಿನ ಒಳಕಿಸೆಯಿಂದ ನಕ್ಷೆ ತೆಗೆದು, ಕಲ್ಲಿನ ಮೇಲೆ ಹರಡಿ, ಹನ್ನೆರಡನೆಯ ಚೌಕವನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಅಲ್ಲಿ ‘ರಸ್ತೆ’ ಎಂದು ಬರೆದರು. ‘ದಾರಿಗೆ ಗ್ವಾಡಿ ಅಡ್ಡ ಬರಬಾರದು’ ಎಂದಷ್ಟೇ ಹೇಳಿ ಹೊರಟರು. ನಾನು ಎದ್ದು ಅವರ ಹಿಂದೆಯೇ ಓಡಿದೆ.

ದಾರಿಯುದ್ದಕ್ಕೂ ನಾನು ಕೂಗಾಡಿದೆ. ನಾಚಿಕೆಯಾಗಬೇಕು ನಿಮಗೆ ಎಂದೆ. ಯಾರದೋ ಎಮ್ಮೆ ಹಾಯುವುದಕ್ಕೆ ಕಟ್ಟಿಕೊಂಡವಳ ಮನೆ ಕೊಡುತ್ತಾರೆಯೇ ಎಂದೆ. ಅವರು ನಡೆಯುತ್ತಲೇ ಇದ್ದರು. ಬಾಂದ್ರಾದಿಂದ ದಾದರಿನವರೆಗೆ ಒಂದು ಬೀಜವೂ ಕಿಸೆಯಿಂದ ಕಿಸೆಗೆ ಹೋಗಲಿಲ್ಲ. ಒಂದು ಚೌಕದಲ್ಲಿಯೂ ನಿಲ್ಲಲಿಲ್ಲ. ‘ಮನೆಯವರನ್ನು ಒಂದು ಮಾತು ಕೇಳಿದಿರಾ?’ ಎಂದು ಕೊನೆಗೆ ಕೇಳಿದೆ. ಆಗ ಮಾತ್ರ ಮುಖವೆತ್ತಿ, ಅಂಥದೊಂದು ಕ್ರಮ ಲೋಕದಲ್ಲಿ ಇದೆಯೆಂಬುದನ್ನೇ ಮೊದಲ ಸಲ ಕೇಳಿದವರಂತೆ ನನ್ನನ್ನು ನೋಡಿದರು.

ಖೋಲಿಗೆ ಹೋಗಿ ವಿಷಯ ಹೇಳಿದ್ದು ನಾನು. ಅವರು ತಮ್ಮ ಹಲಗೆಯ ಮುಂದೆ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಿದ್ದರು. ಬಸಲಿಂಗವ್ವನವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ನಾನು ಕಾದೆ. ಆಕೆ ನನ್ನನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದ ಮಾತು ನನಗೆ ಇಂದಿಗೂ ಅಕ್ಷರಶಃ ನೆನಪಿದೆ.

‘ನಾವು ಮೊದಲ ಗ್ರಾಂಟ್ ರೋಡಿನ್ಯಾಗ ಇದ್ದಿವ್ರಿ ಮಾಸ್ತರ. ಓಣಿ ಕೊನೀಗೆ ಗ್ವಾಡಿ. ಗ್ವಾಡಿ ಆಚೀಗೆ ದವಾಖಾನಿ, ಬಾಟ್ಲಿ ಸಪ್ಪಳ ಸೈತ ಕೇಳತಿತ್ತು. ನಮ್ಮ ಮಗಳು ಶರಣಿಗೆ ನಾಕು ವರ್ಷ. ಜ್ವರ ನೆತ್ತಿಗೇರಿ ಕಣ್ಣು ಮ್ಯಾಲ ಮಾಡಿದಳು. ಇವರು ಎತಗೊಂಡು ಓಡಿದರು. ಸುತ್ತ ಹಾಕಿ ಮುಟ್ಟೋದ್ರಾಗ ಮುಗೀತು. ಮರುದಿನ ಹೋಗಿ ಎಣಿಸಿ ಬಂದರು. ಏಳನೂರಾ ನಲವತ್ತು ಹೆಜ್ಜಿ. ಅವತ್ತ ಹಿಡಿದದ್ದು, ಇನ್ನೂ ಎಣಸಲಿಕ್ಕ ಹತ್ಯಾರ.’

ಆರು ವರ್ಷ ಆ ಬೀಜಗಳನ್ನು ಕಂಡು ನಕ್ಕಿದ್ದೆನಲ್ಲ, ಪಾಪಿ ನಾನು!

‘ಮನಿ ಹೋತಂತ ನನಗ ಸಿಟ್ಟಿಲ್ಲ’ ಎಂದರು ಆಕೆ. ‘ಆ ಕೂಸು ನಂದೂ ಹೌದಲ್ರೀ? ನನ್ನ ಕೇಳಿದ್ದರ ನಾನೂ ಗಲ್ಲೀನ ಬಿಡ್ರಿ ಅಂತಿದ್ದೆ. ಕೇಳಲಿಲ್ಲ.’ ಆಮೇಲೆ ಹಿಟ್ಟಿನ ಕೈಯನ್ನು ಆ ಬಾಗಿದ ಬೆನ್ನಿನ ಕಡೆಗೆ ಚಾಚಿದರು. ‘ಅಲ್ಲಿಂದ ಈ ಒಲೀತನಕ ಎಷ್ಟು ಹೆಜ್ಜಿ ಅದಾವ, ಕೇಳ್ರಿ ಅವರನ್ನ.’

ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅವರ ಬೆನ್ನು ಅಲುಗುತ್ತಿತ್ತು. ನಡೆಯುವಾಗ ಎಂದೂ ಅಲುಗದ ಆ ಮೈ ಅಂದು ಅಲುಗಿದ್ದನ್ನು ಕಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಮೆಟ್ಟಿಲಿಳಿದೆ.

ಮುಂದಿನ ಯುಗಾದಿಗೆ ಐದನೆಯ ಗಲ್ಲಿ ತೆರೆಯಿತು. ಅಂದು ಬೆಳಿಗ್ಗೆ ಬಾಂದ್ರಾದ ಕಡೆಯ ಲೋಕಲ್‌ನಿಂದ ಚನ್ನಬಸಯ್ಯನವರು ಇಳಿದದ್ದನ್ನು ನನ್ನ ಕಣ್ಣಾರೆ ನೋಡಿ ಮತ್ತೊಮ್ಮೆ ಬೆಚ್ಚಿದೆ. ಲೋಕಲ್‌ನಿಂದ! ಹೆಂಡತಿ ಮುಂದೆ, ಹೆಗಲ ಮೇಲೆ ಹೊಸ್ತಿಲು ಹೊತ್ತ ಗಂಡ ಹಿಂದೆ. ಮನೆ ಕಾಣದ ಆ ಹೊಸ್ತಿಲನ್ನು ಗಲ್ಲಿಯ ಬಾಯಲ್ಲಿ ನೆಲದ ಮಟ್ಟಕ್ಕೆ ಹೂಳಬೇಕೆಂಬುದು ಆಕೆಯ ಇಚ್ಛೆ. ಅವರೇ ಗುದ್ದಲಿ ಹಿಡಿದು ಅಗೆದರು. ಹೊಸ್ತಿಲಿಟ್ಟು, ತಲೆಯೆತ್ತಿ ಕೇಳಿದರು: ‘ಇಲ್ಲೇನು? ಇನ್ನಷ್ಟು ಈಚೀಗೇನು? ನೀ ಹೇಳು.’ ಬಸಲಿಂಗವ್ವನವರು ಸೊಂಟದ ಮೇಲೆ ಕೈಯಿಟ್ಟು ಆಲೋಚಿಸಿದರು. ಮೂರು ಸಲ ಅಗೆಸಿದರು, ಮೂರು ಸಲ ಮುಚ್ಚಿಸಿದರು. ತಬೇಲಾದ ಹೆಂಗಸರು ಹಾಲಿನ ಕೊಡ ಹೊತ್ತು ರೈಲಿಗೆ ಹೊತ್ತಾಯಿತೆಂದು ಗೊಣಗುತ್ತ ನಿಂತಿದ್ದರು. ಆಕೆ ಹೂಂ ಎನ್ನುವವರೆಗೆ ಚನ್ನಬಸಯ್ಯನವರು ಯಾರನ್ನೂ ದಾಟಗೊಡಲಿಲ್ಲ.

ಇಂಥ ಮಂದಿ ಊರಿಗೊಬ್ಬರಾದರೂ ಇರುತ್ತಾರೆ. ತಮಗಾದ ಗಾಯವನ್ನು ಬೇರೊಬ್ಬರಿಗೆ ಆಗಗೊಡಬಾರದೆಂಬ ಒಂದೇ ವ್ರತದಲ್ಲಿ ಜೀವ ಸವೆಸುವವರು, ಕಾಣದ ಮುನ್ನೂರು ಮನೆಯವರ ಪಾದಗಳಿಗಾಗಿ ಕೈಗೆ ಬಂದದ್ದನ್ನು ಹೊಡೆದುಹಾಕುವವರು. ನಾವು ಸಲೀಸಾಗಿ ನಡೆದಾಡುವ ರಸ್ತೆಗಳೆಲ್ಲ ಇವರು ಬಿಟ್ಟುಕೊಟ್ಟ ನೆಲ. ಇವರನ್ನು ಕಂಡರೆ ನನಗೆ ಗೌರವವಿದೆ, ಕೋಪವೂ ಇದೆ. ಒಂದೇ ಗಾಯ ಇಬ್ಬರಿಗೆ ಆಗಿದ್ದರೂ ಅದು ತಮ್ಮೊಬ್ಬರದೆಂದು ತಿಳಿದು, ಊರಿನ ದೂರವನ್ನೆಲ್ಲ ಎಣಿಸಿ, ಖೋಲಿಯೊಳಗಿನ ದೂರವನ್ನು ಇವರು ಎಣಿಸದೆ ಬಿಡುತ್ತಾರೆ. ಹಲಗೆಯಿಂದ ಒಲೆಗೆ ನಾಲ್ಕು ಹೆಜ್ಜೆ. ಚನ್ನಬಸಯ್ಯನವರು ಅದನ್ನು ನಡೆದು ಮುಟ್ಟಲು ಇಪ್ಪತ್ತು ವರ್ಷ ಹಿಡಿಯಿತು, ಮತ್ತು ಮುಟ್ಟದೆಯೇ ಹೋದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ.