ಒಂಬೈನೂರಾ ಎರಡು ಜಿಗಿತ

ಆ ಹಾಳು ಪ್ರೋಗ್ರಾಮನ್ನು ಅಕ್ಕನ ಕಂಪ್ಯೂಟರಿಗೆ ಹಾಕಿದ ಪಾಪಿ ನಾನೇ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳು ವರದಿ ಟೈಪ್ ಮಾಡುತ್ತಾಳೆ. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು, ಅದೇ ಲ್ಯಾಬಿನ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಯಾರು ಎಷ್ಟು ಸಲ ಒಂದು ವಿಂಡೋ ಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತಾರೆ ಅಂತ ಅಳೆಯಬೇಕು ಅಂದರು ಮ್ಯಾನೇಜರ್. ಅದನ್ನು ಅಳೆಯುವ ಪ್ರೋಗ್ರಾಮನ್ನು ಎಲ್ಲರ ಕಂಪ್ಯೂಟರಿಗೂ ಹಾಕಿದೆ.

ವಾರ ಕಳೆದು ಪಟ್ಟಿ ಬಂತು. ಎಲ್ಲರಿಗಿಂತ ಮೇಲೆ ಅಕ್ಕ: ದಿನಕ್ಕೆ ಒಂಬೈನೂರಾ ಎರಡು ಜಿಗಿತ. ಪಕ್ಕದಲ್ಲಿ ಕೆಂಪಕ್ಷರ: 'ಗಮನ ಇಲ್ಲ'.

"ನಿಮ್ಮಕ್ಕ ಎರಡು ದೋಣಿ ಮೇಲೆ ಕಾಲಿಟ್ಟಿದ್ದಾಳೆ ಕಣಯ್ಯ. ಸೋಮವಾರದಿಂದ ಅವಳ ಜಾಗಕ್ಕೆ ಬೇರೆಯವರು ಬರ್ತಾರೆ," ಅಂದರು ಮ್ಯಾನೇಜರ್.

ಮೈಯೆಲ್ಲ ಉರಿದುಹೋಯಿತು. ನೇರ ಅಕ್ಕನ ಮೇಜಿಗೆ ಹೋದೆ. "ಏನೇ ಅಕ್ಕ, ಕೋತಿ ಥರ ಹಾರ್ತೀಯಂತೆ?"

"ಮಷೀನಿನ ಅಂಕಿ ಒಂದು ವಿಂಡೋದಲ್ಲಿ, ಫಾರಂ ಇನ್ನೊಂದರಲ್ಲಿ. ಕಾಪಿ ಮಾಡಕ್ಕೆ ಬಿಡಲ್ಲ. ಒಂದೊಂದೇ ಅಂಕಿ ನೋಡಿ ಬಂದು ಹಾಕ್ತೀನಿ."

"ಮಿಕ್ಕವರು ನಾಲ್ಕೈದು ಒಟ್ಟಿಗೆ ನೆನಪಿಟ್ಕೋತಾರಲ್ಲ!"

"ಯಾರದೋ ರಕ್ತ ಕಣೋ. ನನ್ನ ನೆನಪಿನ ಮೇಲೆ ಯಾಕೆ ಬಿಡಲಿ?"

ಬೆರಳು ಮಡಚಿ ಲೆಕ್ಕ ಹಾಕಿದೆ. ವರದಿಗೆ ಹನ್ನೊಂದು ಅಂಕಿ, ಹೋಗಿಬರುವುದು ಇಪ್ಪತ್ತೆರಡು. ದಿನಕ್ಕೆ ನಲವತ್ತೊಂದು ವರದಿ. ಸರಿಯಾಗಿ ಒಂಬೈನೂರಾ ಎರಡು! ಆಚೀಚೆ ಒಂದು ಜಿಗಿತವೂ ಪೋಲಾಗಿಲ್ಲ.

ಮ್ಯಾನೇಜರನ್ನು ಅಕ್ಕನ ಕುರ್ಚಿಗೇ ಕರೆದು ತಂದೆ. "ಸಾರ್, ಗಮನ ಅಂದ್ರೆ ಹೇಗಿರುತ್ತೆ ಅಂತ ನಮಗೂ ತೋರಿಸಿ. ಒಂದೇ ಒಂದು ವರದಿ." ಬೇಕೆಂದೇ ಅವರ ಸ್ವಂತ ರಕ್ತದ ಅಂಕಿಗಳನ್ನೇ ತೆರೆದಿಟ್ಟೆ. ಬೆಳಿಗ್ಗೆಯಷ್ಟೇ ರಕ್ತ ಕೊಟ್ಟಿದ್ದರು.

ಎರಡು ಸಲ ನೋಡಿಬಂದು ಹನ್ನೊಂದೂ ಹೊಡೆದರು. "ನಾಲ್ಕೇ ಜಿಗಿತ!" ಮೀಸೆ ಅರಳಿತು.

"ಭೇಷ್ ಸಾರ್. ಆದ್ರೆ ಮನೇಲಿ ಹೇಳ್ಬಿಡಿ, ನಿಮಗೆ ಸಕ್ಕರೆ ಕಾಯಿಲೆ."

"ಏನಂದೆ?"

ತೋರಿಸಿದೆ. ಮಷೀನಿನಲ್ಲಿ ನೂರಾ ಒಂಬತ್ತು, ಅವರ ಕೈಯಲ್ಲಿ ನೂರಾ ತೊಂಬತ್ತು. ಮೀಸೆ ಇಳಿಯಿತು.

"ಎರಡು ದೋಣಿ ಕೊಟ್ಟವರು ನೀವು ಸಾರ್. ಮುಳುಗದೆ ದಾಟಿಸ್ತಿರೋಳು ನಮ್ಮಕ್ಕ."

ಅವರು ತಮ್ಮ ನೂರಾ ತೊಂಬತ್ತನ್ನು ಮೊದಲು ಅಳಿಸಿದರು. ಆಮೇಲೆ ಪಟ್ಟಿ ತರಿಸಿ, ಕೆಂಪಕ್ಷರ ಹೊಡೆದುಹಾಕಿ, ಕೊನೆಯಲ್ಲಿ ಗೆರೆ ಎಳೆದು 'ತಪ್ಪುಗಳು' ಅಂತ ಹೊಸ ಕಾಲಂ ಮಾಡಿದರು. ಅದರಲ್ಲಿ ಅಕ್ಕನ ಹೆಸರಿನ ಮುಂದೆ ಸೊನ್ನೆ.

ನಾನು ಎದೆಯುಬ್ಬಿಸಿ ನಿಂತಿದ್ದೆ. ಅಕ್ಕ ತಲೆ ಎತ್ತದೆ ಅಂದಳು:

"ಸಾಕು ನಿನ್ನ ಜಂಬ. ಆ ಪ್ರೋಗ್ರಾಮ್ ಹಾಕಿದ ಮಹಾರಾಯ ಯಾರಪ್ಪಾ? ಪಕ್ಕಕ್ಕೆ ಸರಿ, ಇನ್ನೂ ಹದಿನೇಳು ವರದಿ ಇವೆ."